ಬೈಕ್ ಇಂಜಿನ್ ಟ್ಯೂನಿಂಗ್ ಮಾಡಿಸಬೇಕಾ, ಬೇಡವಾ? ಪುಣೆಯ ಕನ್ನಡ ರೈಡರ್‌ಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಪುಣೆಯಲ್ಲಿ ಬೈಕ್ ಇಟ್ಟುಕೊಂಡಿರುವ ನಮ್ಮವರಲ್ಲಿ ಎರಡು ಥರದವರು ಜಾಸ್ತಿ. ವಾರವಿಡೀ ಹಿಂಜವಡಿ, ಖರಾಡಿ, ಚಾಕಣ್ ಟ್ರಾಫಿಕ್ಕಿನಲ್ಲಿ ಕ್ಲಚ್ ಹಿಡಿದು ಹಿಡಿದು ಕೈ ನೋಯಿಸಿಕೊಳ್ಳುವವರು ಒಂದು ಕಡೆ. ರಜೆ ಸಿಕ್ಕ ಕೂಡಲೇ ಸಾತಾರಾ, ಕೊಲ್ಹಾಪುರ, ನಿಪ್ಪಾಣಿ ದಾಟಿ ಬೆಳಗಾವಿ, ಹುಬ್ಬಳ್ಳಿ ಕಡೆಗೆ ಊರಿಗೆ ಹೊರಡುವವರು ಇನ್ನೊಂದು ಕಡೆ. ಇಬ್ಬರೂ ಬೈಕ್ ಬಗ್ಗೆ ಮಾತು ಶುರುವಾದರೆ ಬೇಗ ಟ್ಯೂನಿಂಗ್ ವಿಷಯಕ್ಕೆ ಬರುತ್ತಾರೆ. ಅವರು ಕೇಳುವ ಪ್ರಶ್ನೆಗಳು, ನನಗೆ ಗೊತ್ತಿರುವ ಉತ್ತರಗಳು ಇಲ್ಲಿವೆ.

ಸುತ್ತಿ ಬಳಸಿ ಬೇಡ. ಮಾಡಿಸಬೇಕಾ, ಬೇಡವಾ?

ಹೆಚ್ಚಿನವರಿಗೆ ಬೇಡ. ನಾಲ್ಕೈದು ವರ್ಷ ಓಡಿದ ಬೈಕು ಸಾಮಾನ್ಯವಾಗಿ ಕಂಪನಿ ಕೊಟ್ಟ ಶಕ್ತಿಯನ್ನೇ ಪೂರ್ತಿ ಕೊಡುತ್ತಿರುವುದಿಲ್ಲ. ಮೊದಲು ಅದನ್ನು ವಾಪಸ್ ತರಿಸಿ. ಅದಕ್ಕೆ ಒಳ್ಳೆಯ ಸರ್ವಿಸ್ ಸಾಕು, ಮ್ಯಾಪು (ಇಂಜಿನ್ ಕಂಪ್ಯೂಟರಿನ ಪೆಟ್ರೋಲ್ ಲೆಕ್ಕ) ಗೀಪು ಬದಲಾಯಿಸುವುದೇನೂ ಬೇಡ.

ಟ್ಯೂನಿಂಗ್ ದುಡ್ಡಿಗೆ ಬೆಲೆ ಬರುವುದು ಕೆಲವೇ ಸಂದರ್ಭಗಳಲ್ಲಿ. ನೀವು ಸೈಲೆನ್ಸರ್, ಏರ್ ಫಿಲ್ಟರ್ ಎರಡೂ ಬದಲಾಯಿಸಿದ್ದರೆ, ನಿಧಾನ ಓಡಿಸುವಾಗ ಬೈಕ್ ಜಗ್ಗಾಡುತ್ತಿದ್ದು ಸರ್ವಿಸ್ ಆದ ಮೇಲೂ ಅದು ಹೋಗದಿದ್ದರೆ, ಕಾರ್ಬ್ಯುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಇರುವ ಹಳೇ ಬೈಕ್ ನಿಮ್ಮದಾಗಿದ್ದರೆ, ಅಥವಾ ನಿಜವಾಗಿ ಟ್ರ್ಯಾಕಿಗೆ ಹೋಗುವವರಾಗಿದ್ದರೆ ಯೋಚನೆ ಮಾಡಿ. ಗೆಳೆಯ ಮಾಡಿಸಿದ ಅನ್ನೋದು ಕಾರಣ ಅಲ್ಲ.

ಟ್ಯೂನಿಂಗ್ ಅಂದ್ರೆ ಒಳಗೆ ನಿಜಕ್ಕೂ ಏನು ಮಾಡ್ತಾರೆ?

ಮುಖ್ಯವಾಗಿ ಎರಡು ವಿಷಯ. ಎಷ್ಟು ಗಾಳಿಗೆ ಎಷ್ಟು ಪೆಟ್ರೋಲ್ ಅನ್ನುವುದು ಒಂದು. ಪ್ಲಗ್ ಯಾವ ಕ್ಷಣದಲ್ಲಿ ಕಿಡಿ ಹಾರಿಸಬೇಕು ಅನ್ನುವುದು ಇನ್ನೊಂದು.

ಕಾರ್ಬ್ಯುರೇಟರ್ ಬೈಕಲ್ಲಿ ಪೆಟ್ರೋಲ್ ಲೆಕ್ಕವನ್ನು ಪೈಲಟ್ ಜೆಟ್, ಮೇನ್ ಜೆಟ್ (ಪೆಟ್ರೋಲ್ ಬಿಡುವ ಸಣ್ಣ ತೂತುಗಳು), ನೀಡಲ್ ಕ್ಲಿಪ್ಪು ಮತ್ತು ಏರ್ ಸ್ಕ್ರೂ ನೋಡಿಕೊಳ್ಳುತ್ತವೆ. 2020ರ ಏಪ್ರಿಲ್ 1ರಿಂದ ಬಿಎಸ್ 6 ಅನ್ನುವ ಹೊಗೆಯ ನಿಯಮ ಬಂದ ಮೇಲೆ ಹೊಸ ಬೈಕುಗಳೆಲ್ಲ ಹೆಚ್ಚುಕಡಿಮೆ ಫ್ಯುಯೆಲ್ ಇಂಜೆಕ್ಷನ್‌ಗೆ ಬಂದವು, ಅಲ್ಲಿ ಈ ಲೆಕ್ಕ ಇಸಿಯು ಅನ್ನುವ ಇಂಜಿನ್ ಕಂಪ್ಯೂಟರಿನ ಒಳಗಿನ ಕೋಷ್ಟಕಗಳಲ್ಲಿ ಕೂತಿದೆ. ಆ ಕೋಷ್ಟಕವನ್ನೇ ತಿದ್ದಿ ಬರೆದರೆ ಅದು ರೀಮ್ಯಾಪ್. ಇಸಿಯುವನ್ನು ಮುಟ್ಟದೆ ಮಧ್ಯೆ ಒಂದು ಪುಟ್ಟ ಡಬ್ಬಿ ಸೇರಿಸಿ ಇಂಜೆಕ್ಟರಿಗೆ ಹೋಗುವ ಸಿಗ್ನಲ್ ಬದಲಾಯಿಸಿದರೆ ಅದು ಪಿಗ್ಗಿಬ್ಯಾಕ್. ನಮ್ಮ ಬೆಂಗಳೂರಿನ ರೇಸ್ ಡೈನಾಮಿಕ್ಸ್ ಮಾಡುವ ಪವರ್‌ಟ್ರಾನಿಕ್, ಫ್ಯುಯೆಲ್‌ಎಕ್ಸ್ ಈ ಜಾತಿಯವು. ಪಿಗ್ಗಿಬ್ಯಾಕಿನ ಅನುಕೂಲ ಏನೆಂದರೆ ಬಿಚ್ಚಿಟ್ಟರೆ ಬೈಕ್ ಮೊದಲಿನಂತಾಗುತ್ತದೆ.

ಪಿಕಪ್ ಬಿದ್ದುಹೋಗಿದೆ. ಟ್ಯೂನಿಂಗಿಗೆ ಹೋಗುವ ಮೊದಲು ಏನು ನೋಡಿಸಲಿ?

ಈ ಪ್ರಶ್ನೆ ಎಲ್ಲರೂ ಕೇಳಬೇಕು. ಕೇಳುವವರು ಕಡಿಮೆ.

ನೀವೇ ನೋಡಬಹುದಾದ್ದು ಮೊದಲು. ಮೇನ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್ ಮಾಡಿ, ಹಿಂದಿನ ಚಕ್ರವನ್ನು ಕೈಯಿಂದ ಒಮ್ಮೆ ತಿರುಗಿಸಿ ಬಿಡಿ. ಅರ್ಧ ಸುತ್ತು ಬಂದು ಗಕ್ಕಂತ ನಿಂತರೆ ಬ್ರೇಕ್ ಹಿಡಿದುಕೊಂಡಿದೆ, ಇಲ್ಲವೇ ಚೈನ್ ಬಿಗಿಯಾಗಿ ಒಣಗಿದೆ. ಟೈರ್ ಗಾಳಿ ಕಡಿಮೆ ಇದ್ದರೂ ಬೈಕ್ ಎಳೆಯುವುದಿಲ್ಲ. ಐದನೇ ಗೇರಲ್ಲಿ ಆಕ್ಸಿಲರೇಟರ್ ಕೊಟ್ಟಾಗ ಇಂಜಿನ್ ಸದ್ದು ಏರಿ ಸ್ಪೀಡ್ ಏರದಿದ್ದರೆ ಕ್ಲಚ್ ಪ್ಲೇಟ್ ಹೋಗಿದೆ ಅಂತ ಅರ್ಥ, ಅದಕ್ಕೆ ಯಾವ ಮ್ಯಾಪ್ ಹಾಕಿದರೂ ಉಪಯೋಗ ಇಲ್ಲ.

ಆಮೇಲೆ ಏರ್ ಫಿಲ್ಟರ್. ಚಾಕಣ್, ವಾಘೋಲಿ ಕಡೆ ದಿನಾ ಓಡಾಡುವ ಬೈಕಿನ ಫಿಲ್ಟರ್ ತೆಗೆದು ನೋಡಿ. ಕಾಮಗಾರಿಯ ಧೂಳು, ಲಾರಿಗಳ ಧೂಳು ಸೇರಿ ಪುಸ್ತಕದಲ್ಲಿ ಹೇಳಿದ ಕಿಲೋಮೀಟರಿಗಿಂತ ಬಹಳ ಮೊದಲೇ ಅದು ಕಟ್ಟಿಕೊಂಡಿರುತ್ತದೆ. ಪ್ಲಗ್ ಬಿಚ್ಚಿಸಿ. ತುದಿ ಬಿಸ್ಕತ್ ಬಣ್ಣ ಇದ್ದರೆ ಸರಿ ಇದೆ. ಕಪ್ಪು ಮಸಿ ಹಿಡಿದಿದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ, ಬೆಳ್ಳಗೆ ಸುಣ್ಣದಂತಿದ್ದರೆ ಕಡಿಮೆ.

ಕೊನೆಗೆ ಟ್ಯಾಪೆಟ್, ಅಂದರೆ ವಾಲ್ವ್ ಮತ್ತು ಅದನ್ನು ಒತ್ತುವ ಭಾಗದ ನಡುವಿನ ಸಂದು. ಸರ್ವಿಸ್ ಬಿಲ್ಲಿನಲ್ಲಿ ಇದು ಬರೆದಿರುತ್ತದೆ, ಎಷ್ಟೋ ಕಡೆ ಕವರ್ ಬಿಚ್ಚಿಯೇ ಇರುವುದಿಲ್ಲ. ಸರಿಯಾಗಿ ಮಾಡುವವನು ಇಂಜಿನ್ ಪೂರ್ತಿ ತಣ್ಣಗಾಗುವವರೆಗೆ ಕಾಯುತ್ತಾನೆ. ಬೆಳಗ್ಗೆ ಹೋಗಿ ಬಿಟ್ಟು ಬನ್ನಿ ಅನ್ನುವುದು ಅದಕ್ಕೇ. ಹೆಡ್ ಮೇಲಿನ ಮುಚ್ಚಳ ತೆಗೆದು, ಫ್ಲೈವೀಲ್ ತಿರುಗಿಸಿ ಗುರುತು ಕೂಡಿಸಿ, ಪಿಸ್ಟನ್ ಮೇಲೆ ಬಂದು ಎರಡೂ ವಾಲ್ವ್ ಮುಚ್ಚಿರುವ ಜಾಗದಲ್ಲಿ ನಿಲ್ಲಿಸುತ್ತಾನೆ. ಆಮೇಲೆ ಫೀಲರ್ ಗೇಜಿನ ತೆಳ್ಳನೆ ಪಟ್ಟಿಯನ್ನು ಸಂದಿನಲ್ಲಿ ತೂರಿಸಿ ಎಳೆದು ನೋಡುತ್ತಾನೆ. ಪಟ್ಟಿ ಸಲೀಸಾಗಿ ಜಾರಿದರೆ ಸಡಿಲ, ತೂರದೇ ಇದ್ದರೆ ಬಿಗಿ. ಸ್ವಲ್ಪ ಹಿಡಿದು ಹಿಡಿದು ಬಂದರೆ ಸರಿ. ಮಿಲಿಮೀಟರಿನ ನೂರನೇ ಭಾಗಗಳಲ್ಲಿ ಹೇಳುವ ಅಳತೆ ಇದು. ಸಡಿಲ ಇದ್ದರೆ ಟಕ್ ಟಕ್ ಸದ್ದಾದರೂ ಕೇಳುತ್ತದೆ. ಬಿಗಿಯಾಗಿದ್ದರೆ ಏನೂ ಕೇಳಿಸುವುದಿಲ್ಲ, ವಾಲ್ವ್ ಪೂರ್ತಿ ಮುಚ್ಚದೆ ಕಂಪ್ರೆಷನ್ ಸೋರುತ್ತದೆ, ಬಹಳ ದಿನ ಹಾಗೇ ಬಿಟ್ಟರೆ ವಾಲ್ವ್ ಸುಟ್ಟೇ ಹೋಗುತ್ತದೆ. ಬೈಕ್ ಮೆತ್ತಗಾಗಿದೆ ಅಂತ ರೀಮ್ಯಾಪಿಗೆ ದುಡ್ಡು ಕೂಡಿಡುವವರು ಮೊದಲು ಇದೊಂದನ್ನು ಕಣ್ಣೆದುರು ನಿಂತು ಮಾಡಿಸಿ.

ಎಷ್ಟು ಪವರ್ ಜಾಸ್ತಿ ಸಿಗುತ್ತೆ?

ಟರ್ಬೊ ಕಾರಿಗೆ ರೀಮ್ಯಾಪ್ ಮಾಡಿದಾಗ ಕೇಳುವ ದೊಡ್ಡ ಸಂಖ್ಯೆಗಳನ್ನು ಇಲ್ಲಿ ನಿರೀಕ್ಷಿಸಬೇಡಿ. ಬೈಕ್ ಇಂಜಿನ್ ತಾನಾಗಿ ಎಳೆದುಕೊಂಡಷ್ಟೇ ಗಾಳಿಯಲ್ಲಿ ಓಡುತ್ತದೆ. ಗಾಳಿ ಹೆಚ್ಚಾಗದೆ ಬರೀ ಪೆಟ್ರೋಲ್ ಹೆಚ್ಚು ಮಾಡಿದರೆ ಪವರ್ ಬರುವುದಿಲ್ಲ. ಹೊಗೆಯನ್ನು ಸಲೀಸಾಗಿ ಬಿಡುವ ಫ್ರೀ ಫ್ಲೋ ಸೈಲೆನ್ಸರ್, ಒಳ್ಳೆಯ ಫಿಲ್ಟರ್, ಅದಕ್ಕೆ ಹೊಂದುವ ಮ್ಯಾಪ್ ಮೂರೂ ಸೇರಿ 5ರಿಂದ 10 ಶೇಕಡಾ ಬಂದರೆ ಕೆಲಸ ಚೆನ್ನಾಗಾಗಿದೆ ಅಂತಲೇ ಲೆಕ್ಕ. ಸುಮಾರು 20 ಬಿಎಚ್‌ಪಿ ಇರುವ ಕ್ಲಾಸಿಕ್ 350ಕ್ಕೆ ಅದು ಒಂದೆರಡು ಬಿಎಚ್‌ಪಿ. ಬೈಕಿನ ತೂಕ 195 ಕೆಜಿ, ಮೇಲೆ ನೀವು, ಹಿಂದೆ ಮನೆಯವರು, ಎರಡು ಬ್ಯಾಗು. ಲೆಕ್ಕ ಹಾಕಿ.

ಆದರೆ ತುದಿಯ ಪವರ್ ಒಂದನ್ನೇ ನೋಡಬೇಡಿ. ಒಳ್ಳೆಯ ಟ್ಯೂನರ್ ಮಧ್ಯದ ಆರ್‌ಪಿಎಂನಲ್ಲಿರುವ (ಆರ್‌ಪಿಎಂ ಅಂದರೆ ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ತಗ್ಗನ್ನು ತುಂಬಿಸುತ್ತಾನೆ. ಖಂಬಾಟ್ಕಿ ಘಾಟಿನಲ್ಲಿ ಲಾರಿ ದಾಟುವಾಗ ಒಂದು ಗೇರ್ ಇಳಿಸದೆ ಹೋಗಬಹುದಾ ಅನ್ನುವುದು ತುದಿಯ ಸಂಖ್ಯೆಗಿಂತ ನಿಮಗೆ ಹೆಚ್ಚು ಉಪಯೋಗ.

ಟಾಪ್ ಸ್ಪೀಡ್?

ಮರೆತುಬಿಡಿ. ವೇಗ ಹೆಚ್ಚಾದಂತೆ ಗಾಳಿಯನ್ನು ಸೀಳಲು ಬೇಕಾದ ಪವರ್ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಪವರ್ 10 ಶೇಕಡಾ ಹೆಚ್ಚಾದರೆ ವೇಗ ಹೆಚ್ಚುವುದು ಸುಮಾರು 3 ಶೇಕಡಾ. 130 ಹೋಗುತ್ತಿದ್ದ ಬೈಕ್ 134 ಹೋದೀತು.

ಮೈಲೇಜ್ ಹೆಚ್ಚಾಗುತ್ತೆ ಅಂತಾರಲ್ಲ?

ಬೈಕ್ ಮೊದಲೇ ತಪ್ಪು ಸೆಟ್ಟಿಂಗಲ್ಲಿ ಓಡುತ್ತಿದ್ದರೆ ಹೆಚ್ಚಾಗುತ್ತದೆ. ಸರಿ ಇದ್ದ ಬೈಕಲ್ಲಿ ಸಾಮಾನ್ಯವಾಗಿ ಹೆಚ್ಚಾಗುವುದಿಲ್ಲ, ಪವರ್‌ಗೆ ಮಾಡಿದ ಮ್ಯಾಪಲ್ಲಿ ಕಡಿಮೆಯೂ ಆಗಬಹುದು.

ಹೆಚ್ಚಾಯ್ತು ಅಂತಲೇ ಹಿಡಿದು ಒಂದು ಲೆಕ್ಕ ನೋಡೋಣ. ಲೀಟರಿಗೆ 30 ಕೊಡುತ್ತಿದ್ದದ್ದು 33 ಆಯಿತು. ವರ್ಷಕ್ಕೆ 10,000 ಕಿಲೋಮೀಟರ್ ಓಡಿಸುತ್ತೀರಿ. ಮೊದಲು 333 ಲೀಟರ್ ಬೇಕಿತ್ತು, ಈಗ 303. ಲೀಟರಿಗೆ 105 ರೂಪಾಯಿ ಹಿಡಿದರೆ ವರ್ಷಕ್ಕೆ ಉಳಿದದ್ದು ಸುಮಾರು 3,150. ಟ್ಯೂನಿಂಗಿಗೆ 15,000 ಕೊಟ್ಟಿದ್ದರೆ ವಾಪಸ್ ಬರಲು ಐದು ವರ್ಷಕ್ಕೆ ಹತ್ತಿರ ಹತ್ತಿರ. ಮೈಲೇಜಿಗೋಸ್ಕರ ಅಂತ ಯಾರಾದರೂ ಟ್ಯೂನಿಂಗ್ ಮಾರುತ್ತಿದ್ದರೆ ಎದ್ದು ಬನ್ನಿ.

ಬರೀ ಸೈಲೆನ್ಸರ್ ಬದಲಾಯಿಸಿದ್ದೇನೆ. ಟ್ಯೂನ್ ಬೇಕೇ ಬೇಕಾ?

ಕೊನೆಯ ಭಾಗ ಮಾತ್ರ ಬದಲಾಯಿಸುವ ಸ್ಲಿಪ್ ಆನ್ ಆಗಿದ್ದು, ಏರ್ ಫಿಲ್ಟರ್ ಕಂಪನಿಯದ್ದೇ ಇದ್ದರೆ ಸಾಮಾನ್ಯವಾಗಿ ಬೇಡ. ಸಮ ವೇಗದಲ್ಲಿ ಹೋಗುವಾಗ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಇಸಿಯು ತಾನೇ ಪೆಟ್ರೋಲ್ ಹೆಚ್ಚು ಕಡಿಮೆ ಮಾಡಿಕೊಳ್ಳುತ್ತದೆ. ಪೂರ್ತಿ ಥ್ರಾಟಲ್ ತಿರುಗಿಸಿದಾಗ ಮಾತ್ರ ಅದು ಸೆನ್ಸರ್ ಮಾತು ಕೇಳದೆ ಕೋಷ್ಟಕದಲ್ಲಿ ಬರೆದಷ್ಟನ್ನೇ ಕೊಡುತ್ತದೆ. ಇಂಜಿನ್ನಿಗೆ ಸೇರುವ ಹೆಡರ್ ಪೈಪಿನಿಂದ ಹಿಡಿದು ಪೂರ್ತಿ ಬದಲಾಯಿಸಿ, ಫಿಲ್ಟರ್ ಡಬ್ಬಿಯನ್ನೂ ತೆರೆದಿದ್ದರೆ ಅಲ್ಲಿ ಪೆಟ್ರೋಲ್ ಸಾಲದೆ ಇಂಜಿನ್ ಒಣ ಓಡುತ್ತದೆ, ಇಂಜಿನ್ ಹೆಡ್ ಬಿಸಿಯಾಗುತ್ತದೆ. ಆಗ ಮ್ಯಾಪ್ ಬೇಕೇ ಬೇಕು.

ಟ್ರಾಫಿಕ್ಕಲ್ಲಿ ಬೈಕ್ ಜಗ್ಗಾಡುತ್ತೆ, ಥ್ರಾಟಲ್ ಸ್ವಲ್ಪ ಕೊಟ್ಟರೆ ಹಾರುತ್ತೆ. ಇದಕ್ಕೆ ಟ್ಯೂನಿಂಗ್ ಕೆಲಸ ಮಾಡುತ್ತಾ?

ಮಾಡುತ್ತದೆ, ಮತ್ತು ನನ್ನ ಪ್ರಕಾರ ಟ್ಯೂನಿಂಗಿಗೆ ದುಡ್ಡು ಕೊಡಲು ಎಲ್ಲಕ್ಕಿಂತ ಒಳ್ಳೆಯ ಕಾರಣ ಇದೇ. ಹೊಗೆಯ ನಿಯಮ ಪಾಲಿಸಲು ಕಂಪನಿಯವರು ಕಡಿಮೆ ಥ್ರಾಟಲ್ಲಿನಲ್ಲಿ ಪೆಟ್ರೋಲ್ ಬಿಗಿಹಿಡಿದಿರುತ್ತಾರೆ. ದೊಡ್ಡ ಸಿಂಗಲ್ ಸಿಲಿಂಡರ್ ಬೈಕುಗಳಲ್ಲಿ, 390 ಡ್ಯೂಕ್ ಥರದವುಗಳಲ್ಲಿ, 2,500-3,000 ಆರ್‌ಪಿಎಂ ಸುತ್ತಮುತ್ತ ಇದು ಚೆನ್ನಾಗಿ ಗೊತ್ತಾಗುತ್ತದೆ. ವಾಕಡ್ ಸೇತುವೆ ಕೆಳಗೆ ಸಂಜೆ ಏಳಕ್ಕೆ ಎರಡನೇ ಗೇರಲ್ಲಿ ತೆವಳುವವರಿಗೆ ನಾನು ವಿವರಿಸಬೇಕಾಗಿಲ್ಲ.

ಆದರೆ ಮೊದಲು ಚೈನ್ ಸಡಿಲ, ಥ್ರಾಟಲ್ ಕೇಬಲ್ಲಿನ ಸಡಿಲ, ಥ್ರಾಟಲ್ ಬಾಡಿಯ ಕೊಳೆ ನೋಡಿಸಿ. ಅರ್ಧ ಜಗ್ಗಾಟ ಅಲ್ಲೇ ಇರುತ್ತದೆ.

ನನ್ನದು ಹಳೇ ಕಾರ್ಬ್ಯುರೇಟರ್ ಬೈಕ್. ಈಗಿನ ಪೆಟ್ರೋಲಿಗೆ ಏನಾದರೂ ಮಾಡಿಸಬೇಕಾ?

ಹೌದು, ನೋಡಿಸಿ. ಈಗ ಬಂಕಲ್ಲಿ ಸಿಗುವುದು 20 ಶೇಕಡಾ ಎಥನಾಲ್ ಸೇರಿದ ಪೆಟ್ರೋಲ್. ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು, ಎಥನಾಲಿಗೆ 9 ಪಾಲು ಸಾಕು. ಹಳೇ ಜೆಟ್ಟುಗಳು ಮೊದಲಿನಷ್ಟೇ ಬಿಡುತ್ತವೆ, ಹಾಗಾಗಿ ಇಂಜಿನ್ನಿನ ಲೆಕ್ಕದಲ್ಲಿ ಇಂಧನ ಕಮ್ಮಿ ಬಿದ್ದಂತೆ. ಇಂಜೆಕ್ಷನ್ ಬೈಕ್ ಸೆನ್ಸರ್ ನೋಡಿ ಸರಿ ಮಾಡಿಕೊಳ್ಳುತ್ತದೆ, ಕಾರ್ಬ್ಯುರೇಟರಿಗೆ ಆ ಕಣ್ಣಿಲ್ಲ. ಬೆಳಗ್ಗೆ ಸ್ಟಾರ್ಟ್ ಮಾಡಿದ ಮೇಲೆ ಚೋಕ್ ಬಹಳ ಹೊತ್ತು ಬೇಕಾಗುವುದು, ಥ್ರಾಟಲ್ ಬಿಟ್ಟಾಗ ಸೈಲೆನ್ಸರಿನಲ್ಲಿ ಪಟಪಟ ಅನ್ನುವುದು, ಪ್ಲಗ್ ಬೆಳ್ಳಗಾಗುವುದು ಇದರ ಲಕ್ಷಣ. ಏರ್ ಸ್ಕ್ರೂ ಅಡ್ಜಸ್ಟ್ ಮಾಡಿ, ನೀಡಲ್ ಒಂದು ಕಚ್ಚು ಮೇಲೆತ್ತಿ, ಅಷ್ಟಕ್ಕೂ ಆಗದಿದ್ದರೆ ಜೆಟ್ ಒಂದು ಸೈಜ್ ದೊಡ್ಡದು ಹಾಕಿದರೆ ಸಾಕಾಗಬಹುದು. ಪುಣೆಯ ನಾನಾ ಪೇಠಿನ ಬಿಡಿಭಾಗದ ಅಂಗಡಿಗಳಲ್ಲಿ ಹುಡುಕಿದರೆ ಜೆಟ್ ಸಿಗುತ್ತದೆ, ಖರ್ಚೂ ಕಮ್ಮಿ. ಆರ್‌ಎಕ್ಸ್ 100 ಥರದ ಟೂ ಸ್ಟ್ರೋಕ್ ಇಟ್ಟುಕೊಂಡವರು ಇನ್ನೂ ಹುಷಾರಾಗಿರಿ, ಒಣ ಓಡಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಅದರ ಜೊತೆ ಹಳೇ ರಬ್ಬರ್ ಪೈಪು, ಕಾರ್ಬ್ಯುರೇಟರಿನ ರಬ್ಬರ್ ರಿಂಗುಗಳನ್ನೂ ಬದಲಾಯಿಸಿಬಿಡಿ.

ಮುಂಬೈಯಲ್ಲಿ ಚೆನ್ನಾಗಿ ಓಡುತ್ತಿತ್ತು, ಪುಣೆಗೆ ಬಂದ ಮೇಲೆ ಮಂದ ಅನ್ನಿಸುತ್ತೆ.

ನಿಮ್ಮ ಭ್ರಮೆ ಅಲ್ಲ. ಪುಣೆ ಸಮುದ್ರಮಟ್ಟಕ್ಕಿಂತ ಸುಮಾರು 560 ಮೀಟರ್ ಎತ್ತರದಲ್ಲಿದೆ. ಎತ್ತರ 100 ಮೀಟರ್ ಏರಿದರೆ ಗಾಳಿಯ ಸಾಂದ್ರತೆ ಹೆಚ್ಚುಕಡಿಮೆ 1 ಶೇಕಡಾ ಇಳಿಯುತ್ತದೆ, ಪವರ್ ಕೂಡ ಅಷ್ಟೇ. ಮಹಾಬಳೇಶ್ವರಕ್ಕೆ ಹೋದರೆ 1,350 ಮೀಟರ್ ಹತ್ತಿರ, ಅಲ್ಲಿ ಇನ್ನೂ ಮಂದ. ಇದಕ್ಕೆ ಟ್ಯೂನಿಂಗಲ್ಲಿ ಮದ್ದಿಲ್ಲ.

ಡೈನೋ (ಪವರ್ ಅಳೆಯುವ ಯಂತ್ರ) ಇಲ್ಲದೆ ಮಾಡಿಸಬಹುದಾ?

ಕಾರ್ಬ್ಯುರೇಟರ್ ಬೈಕನ್ನು ಅನುಭವಿ ಕೈ ಕಿವಿಯಲ್ಲೇ ಸರಿ ಮಾಡಬಲ್ಲದು. ಇಂಜೆಕ್ಷನ್ ಬೈಕಿನ ರೀಮ್ಯಾಪನ್ನು ಅಳತೆಯಿಲ್ಲದೆ ಮಾಡುತ್ತೇನೆ ಅಂದರೆ ನಾನು ಬೈಕ್ ಕೊಡುವುದಿಲ್ಲ.

ಡೈನೋ ಮೇಲೆ ಏನಾಗುತ್ತದೆ ಹೇಳುತ್ತೇನೆ. ಬೈಕನ್ನು ಏರಿಸಿ ಮುಂದಿನ ಚಕ್ರವನ್ನು ಕವೆಯಲ್ಲಿ ಸಿಕ್ಕಿಸಿ, ಎರಡೂ ಕಡೆ ಬೆಲ್ಟಿನಿಂದ ಬಿಗಿದು ಕಟ್ಟುತ್ತಾರೆ. ಹಿಂದಿನ ಚಕ್ರ ಭಾರದ ರೋಲರ್ ಮೇಲೆ ಕೂತಿರುತ್ತದೆ. ಇಂಜಿನ್ ಎದುರಿಗೆ ದೊಡ್ಡ ಫ್ಯಾನ್. ಸೈಲೆನ್ಸರ್ ತುದಿಯಲ್ಲಿ ಒಂದು ಕೊಳವೆ ತೂರಿಸಿರುತ್ತಾರೆ, ಹೊಗೆಯಲ್ಲಿ ಗಾಳಿ ಎಷ್ಟು ಪೆಟ್ರೋಲ್ ಎಷ್ಟು ಅನ್ನುವುದನ್ನು ವೈಡ್‌ಬ್ಯಾಂಡ್ ಸೆನ್ಸರ್ ಅಲ್ಲಿಂದ ಓದುತ್ತದೆ. ಇಂಜಿನ್ ಬಿಸಿಯಾದ ಮೇಲೆ ಸಾಮಾನ್ಯವಾಗಿ ನಾಲ್ಕನೇ ಗೇರಲ್ಲಿ ಕೆಳಗಿನಿಂದ ಕೊನೆಯವರೆಗೆ ಒಂದೇ ಎಳೆತ. ಕೆಲವೇ ಸೆಕೆಂಡು. ಪರದೆ ಮೇಲೆ ಪವರ್‌ದೊಂದು ಗೆರೆ, ಟಾರ್ಕ್‌ದೊಂದು ಗೆರೆ, ಕೆಳಗೆ ಗಾಳಿ-ಪೆಟ್ರೋಲಿನ ಗೆರೆ. ಆ ಕೆಳಗಿನ ಗೆರೆ ಎಲ್ಲಿ ಅಂಕುಡೊಂಕಾಗಿದೆಯೋ ಅಲ್ಲಿ ಕೆಲಸ ಇದೆ. ಅದು ಮೊದಲೇ ಸಮವಾಗಿ ಓಡುತ್ತಿದ್ದರೆ ಡೈನೋ ದುಡ್ಡಷ್ಟೇ ಕೊಟ್ಟು ಮನೆಗೆ ಬನ್ನಿ, ಬೈಕ್ ಸರಿ ಇದೆ.

ಒಂದು ಮಾತು ನೆನಪಿಡಿ. ಡೈನೋ ತೋರಿಸುವುದು ಚಕ್ರದ ಪವರ್. ಕಂಪನಿ ಹೇಳುವುದು ಇಂಜಿನ್ನಿನದು. ಗೇರು, ಚೈನಲ್ಲಿ 10-15 ಶೇಕಡಾ ಕಳೆದುಹೋಗುತ್ತದೆ. 40 ಇರುವ ಬೈಕ್ 35 ತೋರಿಸಿದರೆ ಗಾಬರಿ ಬೇಡ, ಅದನ್ನೇ ತೋರಿಸಿ ನಿಮ್ಮ ಇಂಜಿನ್ ವೀಕಾಗಿದೆ ಅನ್ನುವವನನ್ನು ನಂಬಲೂ ಬೇಡ.

ಒಳ್ಳೆಯ ಟ್ಯೂನರ್ ಅಂತ ಗೊತ್ತಾಗೋದು ಹೇಗೆ?

ಬೈಕ್ ನೋಡುವ ಮೊದಲೇ ಇಷ್ಟು ಪವರ್ ಕೊಡ್ತೀನಿ ಅಂತ ಹೇಳುವುದಿಲ್ಲ. ಏನು ತೊಂದರೆ, ಎಲ್ಲಿ ಓಡಿಸ್ತೀರಿ, ಕೊನೆಯ ಬಾರಿ ಟ್ಯಾಪೆಟ್ ಯಾವಾಗ ಮಾಡಿಸಿದ್ದು ಅಂತ ಕೇಳುತ್ತಾನೆ. ಮೊದಲಿನ ಅಳತೆ ತೆಗೆಯದೆ ಕೆಲಸ ಶುರು ಮಾಡುವುದಿಲ್ಲ. ಅದೇ ಡೈನೋ ಮೇಲೆ, ಸಾಧ್ಯವಾದರೆ ಅದೇ ದಿನ, ಆಮೇಲಿನ ಅಳತೆಯನ್ನೂ ಕೊಡುತ್ತಾನೆ. ಕಂಪನಿಯ ಮೂಲ ಮ್ಯಾಪನ್ನು ಉಳಿಸಿಟ್ಟು, ಬೇಡವಾದರೆ ವಾಪಸ್ ಹಾಕಿಕೊಡುತ್ತಾನೆ. ಇದನ್ನು ಬಾಯಿಮಾತಲ್ಲಿ ಬಿಡಬೇಡಿ, ಬರೆಸಿಕೊಳ್ಳಿ.

ಮರಾಠಿ ಸರಿಯಾಗಿ ಬರದವರಿಗೆ ಒಂದು ಸಲಹೆ. ಗ್ಯಾರೇಜಿನಲ್ಲಿ ಇದನ್ನು ಬದಲಾಯಿಸಿ ಅದನ್ನು ಬದಲಾಯಿಸಿ ಅನ್ನಬೇಡಿ, ಲಕ್ಷಣ ಮಾತ್ರ ಹೇಳಿ. ಯಾವ ಗೇರು, ಎಷ್ಟು ಸ್ಪೀಡು, ಇಂಜಿನ್ ತಣ್ಣಗಿದ್ದಾಗಲೋ ಬಿಸಿ ಇದ್ದಾಗಲೋ. ಹಿಂದಿ ಹರಕುಮುರುಕಾದರೂ ಪರವಾಗಿಲ್ಲ, ಮೆಕ್ಯಾನಿಕ್ಕನ್ನು ಹಿಂದೆ ಕೂರಿಸಿಕೊಂಡು ಒಂದು ಸುತ್ತು ಹಾಕಿ ತೋರಿಸಿ.

ಇಂಜಿನ್ ಬೇಗ ಹಾಳಾಗಲ್ವಾ?

ಪೆಟ್ರೋಲ್ ಲೆಕ್ಕ ಸರಿ ಮಾಡುವುದರಿಂದ ಹಾಳಾಗುವುದಿಲ್ಲ, ಕೆಲವು ಸಲ ಇಂಜಿನ್ ತಂಪಾಗಿಯೇ ಓಡುತ್ತದೆ. ಕಿಡಿ ಬಹಳ ಬೇಗ ಹಾರುವಂತೆ ಮಾಡಿದರೆ ನಾಕಿಂಗ್ (ಪೆಟ್ರೋಲ್ ತಾನಾಗಿ ಸಿಡಿದು ಕಟಕಟ ಅನ್ನುವುದು) ಬರುತ್ತದೆ, ಅದು ಪಿಸ್ಟನ್ನಿಗೆ ಕೇಡು.

ನನಗೆ ನಿಜವಾಗಿ ಹೆದರಿಕೆ ಇರುವುದು ರೆವ್ ಲಿಮಿಟ್, ಅಂದರೆ ಇಂಜಿನ್ ತಿರುಗಬಹುದಾದ ಆರ್‌ಪಿಎಂ ಮಿತಿ, ಏರಿಸುವುದರ ಬಗ್ಗೆ. ಕನೆಕ್ಟಿಂಗ್ ರಾಡ್ ಮೇಲೆ ಬೀಳುವ ಎಳೆತ ಆರ್‌ಪಿಎಂ ವರ್ಗಕ್ಕೆ ತಕ್ಕಂತೆ ಏರುತ್ತದೆ. ಆರ್‌ಪಿಎಂ 10 ಶೇಕಡಾ ಹೆಚ್ಚಾದರೆ ಎಳೆತ 21 ಶೇಕಡಾ. ರಸ್ತೆ ಬೈಕಿಗೆ ಇದನ್ನು ಯಾರೇ ಪುಕ್ಕಟೆ ಮಾಡಿಕೊಟ್ಟರೂ ಬೇಡ ಅನ್ನಿ.

ವಾರಂಟಿ, ಇನ್ಶೂರೆನ್ಸ್, ಪೊಲೀಸ್?

ರೀಮ್ಯಾಪ್ ಮಾಡಿಸಿದರೆ ಇಂಜಿನ್ ವಾರಂಟಿ ಹೋಯ್ತು ಅಂತಲೇ ತಿಳಿಯಿರಿ. ಅಧಿಕೃತ ಸರ್ವಿಸಿನಲ್ಲಿ ಇಸಿಯು ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದರೆ ನೀವು ದುಡ್ಡು ಕೊಟ್ಟು ಹಾಕಿಸಿದ ಮ್ಯಾಪ್ ಅಳಿಸಿಹೋಗಬಹುದು. ವಾರಂಟಿ ಮುಗಿಯುವವರೆಗೆ ಕಾಯುವುದು ಒಳ್ಳೆಯದು. ಮಾರ್ಪಾಡನ್ನು ಇನ್ಶೂರೆನ್ಸ್ ಕಂಪನಿಗೆ ತಿಳಿಸದಿದ್ದರೆ ಕ್ಲೇಮ್ ತಿರಸ್ಕರಿಸಲು ಅವರಿಗೆ ಕಾರಣ ಸಿಕ್ಕಂತೆ.

ಕಾನೂನು ಇನ್ನೂ ಬಿಗಿ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಆರ್‌ಸಿಯಲ್ಲಿರುವ ವಿವರಕ್ಕೆ ಹೊಂದದ ಮಾರ್ಪಾಡನ್ನು ಒಪ್ಪುವುದಿಲ್ಲ. 2019ರ ತಿದ್ದುಪಡಿಯ ನಂತರ 182ಎ ಪ್ರಕಾರ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು ಆಗಬಹುದು. ಸದ್ದು, ಹೊಗೆಯ ಮಿತಿ ಮೀರಿದರೆ 190(2)ರಲ್ಲಿ 10,000ದವರೆಗೆ. ಸೈಲೆನ್ಸರಿನೊಳಗಿನ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಸಬೇಡಿ. ಪೊಲೀಸರ ಭಯಕ್ಕೆ ಅಂತ ಅಲ್ಲ, ಆ ಹೊಗೆ ಕುಡಿಯುವುದು ಸಿಗ್ನಲ್ಲಿನಲ್ಲಿ ನಿಮ್ಮ ಹಿಂದೆ ನಿಂತ ಸ್ಕೂಟರಿನ ಮುಂದೆ ನಿಂತಿರುವ ಮಗು.

ದುಬಾರಿ ಹೈ ಆಕ್ಟೇನ್ ಪೆಟ್ರೋಲ್ ಹಾಕಿದರೆ ಸಾಕಲ್ವಾ?

ಕಂಪನಿ 91 ಸಾಕು ಅಂದಿದ್ದರೆ 100 ಹಾಕಿ ಏನೂ ಸಿಗುವುದಿಲ್ಲ. ಆಕ್ಟೇನ್ ಹೇಳುವುದು ನಾಕಿಂಗ್ ತಡೆಯುವ ಗುಣವನ್ನು, ಶಕ್ತಿಯನ್ನಲ್ಲ. ಕಂಪ್ರೆಷನ್ ಹೆಚ್ಚಿರುವ ಬೈಕು ಬೇಸಿಗೆಯಲ್ಲಿ ಪೂರ್ತಿ ಲೋಡಲ್ಲಿ ಘಾಟ್ ಹತ್ತುವಾಗ ಕಟಕಟ ಅಂದರೆ ಹೆಚ್ಚಿನ ಆಕ್ಟೇನಿನದು ಹಾಕಿ ನೋಡಿ.

ಅದೇ ದುಡ್ಡಲ್ಲಿ ಬೇರೆ ಏನು ಮಾಡಿಸಬಹುದು?

ಪಿಕಪ್ ಒಂದೇ ಬೇಕಾದರೆ ಮುಂದಿನ ಸ್ಪ್ರಾಕೆಟ್. 15 ಹಲ್ಲಿನದರ ಬದಲು 14 ಹಾಕಿದರೆ ಎಲ್ಲ ಗೇರಲ್ಲೂ ಚಕ್ರಕ್ಕೆ 7 ಶೇಕಡಾ ಜಾಸ್ತಿ ಎಳೆತ ಸಿಗುತ್ತದೆ. ದೊಡ್ಡ ದೊಡ್ಡ ಟ್ಯೂನಿಂಗಿನಲ್ಲೂ ಸಿಗುವುದು ಹೆಚ್ಚುಕಡಿಮೆ ಇಷ್ಟೇ, ಖರ್ಚು ಮಾತ್ರ ಕೆಲವು ನೂರು ರೂಪಾಯಿ. ಹೈವೇಯಲ್ಲಿ ಇಂಜಿನ್ ಅಷ್ಟೇ ಜಾಸ್ತಿ ತಿರುಗುತ್ತದೆ, ಹಾಗಾಗಿ ಪುಣೆ-ಬೆಳಗಾವಿ ಓಡಾಟವೇ ಹೆಚ್ಚಾಗಿದ್ದರೆ ಬೇಡ. ಸ್ಪೀಡೋಮೀಟರ್ ಸೆನ್ಸರ್ ಗೇರ್‌ಬಾಕ್ಸಿನಲ್ಲಿರುವ ಬೈಕಲ್ಲಿ ತೋರಿಸುವ ವೇಗವೂ ತಪ್ಪುತ್ತದೆ.

ದೂರ ಓಡಿಸುವವರು ಒಳ್ಳೆಯ ಟೈರು, ಬ್ರೇಕ್ ಪ್ಯಾಡು, ನಿಮ್ಮ ತೂಕಕ್ಕೆ ಹೊಂದಿಸಿದ ಸಸ್ಪೆನ್ಷನ್‌ಗೆ ಮೊದಲು ಖರ್ಚು ಮಾಡಿ. ಮಳೆಗಾಲದಲ್ಲಿ ತಾಮ್ಹಿಣಿ ಘಾಟಿನ ತಿರುವಲ್ಲಿ ಸವೆದ ಟೈರಿನ ಮೇಲೆ ಎರಡು ಬಿಎಚ್‌ಪಿ ಹೆಚ್ಚು ಇದ್ದು ಏನು ಮಾಡುತ್ತೀರಿ? ದಯವಿಟ್ಟು ಈ ಕ್ರಮ ತಪ್ಪಿಸಬೇಡಿ.

ಮಾಡಿಸಿ ಆಯ್ತು. ಸರಿಯಾಗಿದೆಯಾ ಅಂತ ಹೇಗೆ ನೋಡೋದು?

ಮೊದಲ ದಿನದ ಖುಷಿಯನ್ನು ನಂಬಬೇಡಿ, ಸೈಲೆನ್ಸರ್ ಸದ್ದು ಜಾಸ್ತಿಯಾದರೆ ಬೈಕ್ ಜೋರಾಗಿ ಹೋಗುತ್ತಿದೆ ಅನ್ನಿಸುತ್ತದೆ. ಒಂದೇ ಬಂಕು, ಒಂದೇ ಪಂಪು, ಬೈಕ್ ನೆಟ್ಟಗೆ ನಿಲ್ಲಿಸಿ ಟ್ಯಾಂಕ್ ಫುಲ್ ಮಾಡಿಸಿ ಮೂರು ನಾಲ್ಕು ಸಲ ಮೈಲೇಜ್ ಲೆಕ್ಕ ಹಾಕಿ. ಬೆಳಗ್ಗೆ ತಣ್ಣನೆ ಇಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಗಬೇಕು, ಸಿಗ್ನಲ್ಲಿನಲ್ಲಿ ಆಫ್ ಆಗಬಾರದು, ಚೆಕ್ ಇಂಜಿನ್ ಲೈಟ್ ಬರಬಾರದು. 500 ಕಿಲೋಮೀಟರ್ ಆದ ಮೇಲೆ ಪ್ಲಗ್ ಬಿಚ್ಚಿಸಿ ಬಣ್ಣ ನೋಡಿ, ಮತ್ತು ಹೊಗೆ ತಪಾಸಣೆ ಒಮ್ಮೆ ಮಾಡಿಸಿ. ಇದರಲ್ಲಿ ಯಾವುದಾದರೂ ಹೊಂದದಿದ್ದರೆ ಟ್ಯೂನರ್ ಹತ್ತಿರ ವಾಪಸ್ ಹೋಗಿ. ಒಂದೆರಡು ಸಲ ತಿದ್ದುವುದು ಈ ಕೆಲಸದಲ್ಲಿ ಮಾಮೂಲು, ಅದಕ್ಕೆ ಬೇರೆ ದುಡ್ಡು ಕೇಳುತ್ತಾರಾ ಇಲ್ಲವಾ ಅನ್ನುವುದನ್ನು ಬೈಕ್ ಬಿಡುವ ಮೊದಲೇ ಮಾತಾಡಿಕೊಂಡಿರಿ.